‘ನಮ್ಮಲ್ಲೂ ಒಂದು ಕ್ಯಾಸಿನೋ ಬರಲಿ, ತಪ್ಪೇನು?’ ಅನ್ನುವವರಿಗೆ

ನಾನು ಕೆಲವು ವರ್ಷ ಗೋವಾದ ಒಂದು ಕ್ಯಾಸಿನೋದಲ್ಲಿ ಡೀಲರ್ ಆಗಿದ್ದೆ. ಟೇಬಲ್ ಹಿಂದೆ ನಿಂತು ಇಸ್ಪೀಟೆಲೆ ಹಂಚುವುದು, ಜೂಜಿನ ರೂಲೆಟ್ ಚಕ್ರ ತಿರುಗಿಸುವುದು, ಗೆದ್ದವರಿಗೆ ಚಿಪ್ಸ್ (ದುಡ್ಡಿನ ಬದಲು ಆಡುವ ಬಿಲ್ಲೆ) ಎಣಿಸಿ ಕೊಡುವುದು, ಸೋತವರದ್ದನ್ನು ಎಳೆದುಕೊಳ್ಳುವುದು, ಇದು ಕೆಲಸ. ಈ ವಿಷಯ ಗೊತ್ತಾದ ಕೂಡಲೇ ಎಲ್ಲರೂ ಒಂದೇ ಮಾತು ಕೇಳುತ್ತಾರೆ: ‘ಕರ್ನಾಟಕದಲ್ಲೂ ಕ್ಯಾಸಿನೋಗೆ ಪರ್ಮಿಷನ್ ಕೊಡಬೇಕು ಅಲ್ವಾ? ನಮ್ಮವರ ದುಡ್ಡೆಲ್ಲಾ ಸುಮ್ನೆ ಗೋವಾಗೆ ಹೋಗ್ತಿದೆ.’

ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನ್ನ ಉತ್ತರ: ಬೇಡ.

‘ದುಡ್ಡು ಗೋವಾಗೆ ಹೋಗ್ತಿದೆ’ ಅನ್ನುವ ಆ ಮಾತಿದೆಯಲ್ಲ, ಅದನ್ನು ಕೇಳಿದರೆ ಮೈ ಉರಿಯುತ್ತದೆ. ಅಂಗಡಿಯ ಬಂಡವಾಳ, ಮಗಳ ಕಾಲೇಜು ಫೀಸು, ಮನೆ ಕಟ್ಟಲು ತಂದ ಸಾಲ, ಇದೆಲ್ಲ ಗೋವಾದಲ್ಲಿ ಕಳೆಯುವ ಬದಲು ಬೆಂಗಳೂರಿನಲ್ಲೇ ಕಳೆಯಲಿ ಅಂತಲಾ? ಕಳೆದುಕೊಂಡವನ ಮನೆಗೆ ಅದರಿಂದ ಏನು ವ್ಯತ್ಯಾಸ?

ಗೋವಾ ಉದಾಹರಣೆ ಕೊಡುವವರಲ್ಲಿ ಹೆಚ್ಚಿನವರಿಗೆ ಅಲ್ಲಿನ ಕಾನೂನೇ ಗೊತ್ತಿರುವುದಿಲ್ಲ. ಜೂಜು ನಮ್ಮ ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಬಿಟ್ಟ ವಿಷಯ. ಗೋವಾದ ಜೂಜು ಕಾಯ್ದೆ 1976ರದ್ದು. 1992ರಲ್ಲಿ ಅದಕ್ಕೆ ತಿದ್ದುಪಡಿ ತಂದು ಫೈವ್ ಸ್ಟಾರ್ ಹೋಟೆಲ್‌ಗಳಲ್ಲಿ ಸ್ಲಾಟ್ ಮಷಿನ್, ಅಂದರೆ ದುಡ್ಡು ಹಾಕಿ ಆಡುವ ಜೂಜಿನ ಯಂತ್ರ, ಇಡಲು ಬಿಟ್ಟರು. 1996ರಲ್ಲಿ ಹಡಗುಗಳಲ್ಲಿ ಇಸ್ಪೀಟು, ರೂಲೆಟ್‌ನಂಥ ಟೇಬಲ್ ಆಟಕ್ಕೂ ಅನುಮತಿ ಸಿಕ್ಕಿತು. ಹಡಗು ಅಂದರೆ ಎಲ್ಲೋ ನಡು ಸಮುದ್ರದಲ್ಲಿ ಇರುತ್ತದೆ ಅಂದುಕೊಳ್ಳಬೇಡಿ. ಪಣಜಿಯ ಮಾಂಡವಿ ನದಿಯಲ್ಲಿ, ದಡದ ರಸ್ತೆಯಲ್ಲಿ ನಿಂತರೆ ದೀಪದ ಬೋರ್ಡು ಓದುವಷ್ಟು ಹತ್ತಿರದಲ್ಲಿ ಲಂಗರು ಹಾಕಿವೆ. ಶುರುವಿನಲ್ಲಿ ಎಷ್ಟೇ ಬಿಗಿಯಾದ ನಿಯಮ ಮಾಡಿದರೂ ಅದು ಹೇಗೆ ಸಡಿಲವಾಗುತ್ತಾ ಬರುತ್ತದೆ ಅನ್ನುವುದನ್ನು ಆ ದಡದಲ್ಲೇ ನೋಡಬಹುದು.

ಇನ್ನೊಂದು ವಿಷಯ ಕೇಳಿ. 2020ರ ಫೆಬ್ರುವರಿ 1ರಿಂದ ಗೋವಾದವರು ಆಟ ಆಡಲು ಕ್ಯಾಸಿನೋ ಒಳಗೆ ಹೋಗುವಂತಿಲ್ಲ. ಕೆಲಸಕ್ಕೆ ಹೋಗಬಹುದು, ಆಡುವಂತಿಲ್ಲ. ಗೋವಾ ಸರಕಾರವೇ ಮಾಡಿದ ನಿಯಮ ಇದು. ನಮ್ಮಲ್ಲಿ ಆಗ ಪ್ರವಾಸೋದ್ಯಮ ಸಚಿವರಾಗಿದ್ದ ಸಿ.ಟಿ. ರವಿ ಅವರು ಕರ್ನಾಟಕದಲ್ಲೂ ಕ್ಯಾಸಿನೋ ಬೇಕು ಅನ್ನುವ ಮಾತೆತ್ತಿ ಗದ್ದಲವಾದದ್ದು ಅದೇ ತಿಂಗಳು. ಕ್ಯಾಸಿನೋ ಇಟ್ಟುಕೊಂಡ ರಾಜ್ಯ ತನ್ನ ಜನರಿಗೆ ಬಾಗಿಲು ಮುಚ್ಚುತ್ತಿದ್ದಾಗ, ಇಲ್ಲದ ರಾಜ್ಯದಲ್ಲಿ ಬಾಗಿಲು ತೆರೆಯುವ ಮಾತು!

ಹೀಗೆ ಮಾಡಿದ್ದು ಗೋವಾ ಒಂದೇ ಅಲ್ಲ. ನೇಪಾಳದಲ್ಲಿ ಕ್ಯಾಸಿನೋಗಳಿವೆ, ನೇಪಾಳದವರಿಗೆ ಪ್ರವೇಶವಿಲ್ಲ. ದಕ್ಷಿಣ ಕೊರಿಯಾದಲ್ಲಿ ಅಲ್ಲಿನ ಪ್ರಜೆಗಳು ಆಡಬಹುದಾದ ಕ್ಯಾಸಿನೋ ಇಡೀ ದೇಶಕ್ಕೆ ಒಂದೇ. ಕಂಗ್ವಾನ್ ಲ್ಯಾಂಡ್ ಅಂತ, ಕಲ್ಲಿದ್ದಲು ಗಣಿಗಳು ಮುಚ್ಚಿಹೋದ ಗುಡ್ಡಗಾಡಿನಲ್ಲಿ 2000ದಲ್ಲಿ ಶುರುವಾದದ್ದು. ಉಳಿದವೆಲ್ಲ ವಿದೇಶಿಯರಿಗೆ. ಅಂದರೆ ಈ ವ್ಯಾಪಾರವನ್ನು ಹತ್ತಿರದಿಂದ ನೋಡಿದ ಸರಕಾರಗಳಿಗೆ ಸೋಲುವವರು ಹೊರಗಿನಿಂದ ಬರಲಿ ಅನ್ನುವುದು ಮೊದಲೇ ಹೊಳೆದಿದೆ.

ಈಗ ಹೇಳಿ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕ್ಯಾಸಿನೋ ತೆರೆದರೆ ಬರುವವರು ಯಾರು? ಕನ್ನಡಿಗರಿಗೆ ಪ್ರವೇಶವಿಲ್ಲ ಅಂದರೆ ಅದು ನಡೆಯುವುದೇ ಇಲ್ಲ. ಪ್ರವೇಶ ಕೊಟ್ಟರೆ ಟೇಬಲ್ ಸುತ್ತ ಕೂರುವವರು ನಮ್ಮವರೇ. ಇವತ್ತು ನಮ್ಮವರನ್ನು ಸ್ವಲ್ಪವಾದರೂ ಕಾಯುತ್ತಿರುವುದು ಗೋವಾ ಇರುವ ದೂರ. ರಜೆ ಹಾಕಬೇಕು, ಮನೆಯಲ್ಲಿ ಏನಾದರೂ ಹೇಳಬೇಕು, ರಾತ್ರಿಯೆಲ್ಲಾ ಪ್ರಯಾಣ ಮಾಡಬೇಕು. ಅಷ್ಟು ಹೊತ್ತಿನಲ್ಲಿ ಹತ್ತು ಜನರಲ್ಲಿ ಒಬ್ಬನಿಗಾದರೂ ‘ಬೇಡ ಬಿಡು’ ಅನ್ನಿಸಬಹುದು. ಅದೇ ಆಫೀಸು ಮುಗಿಸಿ ಮೆಟ್ರೋ ಹತ್ತಿ ಹೋಗುವ ಹಾಗಿದ್ದರೆ?

‘ಲಿಮಿಟ್ ಇಟ್ಟುಕೊಂಡು ಆಡಿದರೆ ಏನೂ ಆಗಲ್ಲ’ ಅನ್ನುವವರಿಗೆ ಚಕ್ರದ ಲೆಕ್ಕ ಹೇಳುತ್ತೇನೆ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಮನೆಗೆ, ಇಲ್ಲವೇ ಕೆಂಪು ಮನೆಗೋ ಕಪ್ಪು ಮನೆಗೋ ಬೀಳುತ್ತದೆ ಅಂತ ಪಣ ಕಟ್ಟುವ ಆಟ. ಒಂದು ಸೊನ್ನೆ ಇರುವ ಚಕ್ರದಲ್ಲಿ 37 ಮನೆ. ಒಂದು ಸಂಖ್ಯೆಯ ಮೇಲೆ ಕಟ್ಟಿ ಗೆದ್ದರೆ ಕಟ್ಟಿದ್ದು ವಾಪಸ್, ಜೊತೆಗೆ ಸಿಗುವುದು ಒಂದಕ್ಕೆ 35. ಆ ಸಣ್ಣ ಅಂತರದಲ್ಲಿ ಕ್ಯಾಸಿನೋಗೆ ಉಳಿಯುವುದು ಶೇ 2.7. ಎರಡು ಸೊನ್ನೆಯ ಚಕ್ರವಾದರೆ ಮನೆ 38, ಕ್ಯಾಸಿನೋ ಪಾಲು ಶೇ 5.26. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಈ ಪಾಲು ನೀವು ಜೇಬಿನಲ್ಲಿ ತಂದ ದುಡ್ಡಿನ ಮೇಲೆ ಒಂದು ಸಲ ಹಾಕುವುದಲ್ಲ, ಕಟ್ಟಿದ ಪ್ರತಿ ಪಣದ ಮೇಲೂ ಹಾಕುವುದು. ಒಂದು ಸುತ್ತಿಗೆ 500 ರೂಪಾಯಿಯಂತೆ ಗಂಟೆಗೆ 40 ಸುತ್ತು ಆಡಿದರೆ ಕಟ್ಟಿದ್ದು 20,000 ಆಯಿತು. ಎರಡು ಸೊನ್ನೆಯ ಚಕ್ರದಲ್ಲಿ ಗಂಟೆಗೆ ಸರಾಸರಿ ಸಾವಿರ ರೂಪಾಯಿಗಿಂತ ಜಾಸ್ತಿ ಹೋಗುತ್ತದೆ. ನಡುವೆ ಗೆದ್ದದ್ದನ್ನೂ ವಾಪಸ್ ಕಟ್ಟುತ್ತೀರಿ, ಅದರ ಮೇಲೂ ಅದೇ ಪಾಲು. ಹೊತ್ತು ಕಳೆದಂತೆ ಚಕ್ರವೇ ಗೆಲ್ಲುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ. ನಾನಿದ್ದ ಕಡೆ ಮೋಸ ಇರಲೂ ಇಲ್ಲ. ಟೇಬಲ್ ಬಿಡುವಾಗ ನಾವು ಎರಡೂ ಅಂಗೈ ಕ್ಯಾಮೆರಾಗೆ ತೋರಿಸಿ, ಚಪ್ಪಾಳೆ ತಟ್ಟಿ, ಕೈಯಲ್ಲಿ ಚಿಪ್ಸ್ ಇಲ್ಲ ಅಂತ ಸಾಬೀತು ಮಾಡಿಯೇ ಹೊರಡಬೇಕು. ಅಷ್ಟು ಶಿಸ್ತು. ಆ ಶಿಸ್ತೆಲ್ಲ ಇರುವುದು ಕ್ಯಾಸಿನೋದ ದುಡ್ಡು ಕಾಯುವುದಕ್ಕೆ.

ಒಂದು ರಾತ್ರಿ ಹುಬ್ಬಳ್ಳಿ ಕಡೆಯ ಒಬ್ಬರು ನನ್ನ ಟೇಬಲ್‌ಗೆ ಬಂದರು. ನನ್ನ ಹೆಸರಿನ ಬ್ಯಾಡ್ಜ್ ನೋಡಿ, ‘ಏನ್ ತಂಗಿ, ಕನ್ನಡದಾಕೇನ ನೀ?’ ಅಂದರು. ಹೌದು ಅಂತ ತಲೆಯಾಡಿಸಿದೆ. ಗಿರಾಕಿಗಳ ಜೊತೆ ಹರಟುವಂತಿರಲಿಲ್ಲ. ಸತತವಾಗಿ ಕೆಂಪೇ ಬರುತ್ತಿತ್ತು. ಅವರು ಪ್ರತಿ ಸಲವೂ ಕಪ್ಪಿನ ಮೇಲೆ ಕಟ್ಟುತ್ತಿದ್ದರು, ಸೋತಾಗೊಮ್ಮೆ ಪಣ ದುಪ್ಪಟ್ಟು ಮಾಡುತ್ತಿದ್ದರು. ‘ಈ ಸಲ ಕಪ್ಪು ಬಂದ ಬರ್ತೈತಿ ನೋಡು.’ ಹಿಂದಿನ ಸುತ್ತುಗಳಲ್ಲಿ ಏನು ಬಂತು ಅನ್ನುವುದು ಚೆಂಡಿಗೆ ನೆನಪಿರುವುದಿಲ್ಲ. ಆದರೂ ಹಿಂದೆ ಬಂದ ಸಂಖ್ಯೆಗಳನ್ನು ತೋರಿಸುವ ಬೋರ್ಡು ಟೇಬಲ್ ಪಕ್ಕದಲ್ಲೇ ಹೊಳೆಯುತ್ತಿರುತ್ತದೆ. ಅದನ್ನು ನೋಡಿದವರಿಗೆ ಲೆಕ್ಕ ಸಿಕ್ಕಿತು ಅನ್ನಿಸಲಿ ಅಂತಲೇ ಅದನ್ನು ಅಲ್ಲಿ ಇಟ್ಟಿರುವುದು. ನಡುವೆ ಅವರಿಗೆ ಫೋನ್ ಬಂತು. ಎದ್ದು ಎರಡು ಹೆಜ್ಜೆ ಆಚೆ ಹೋಗಿ, ‘ಗೋದಾಮಿನಾಗ ಅದೀನಿ, ಮಾಲು ಇಳಸಾಕತ್ತಾರ, ನೀ ಉಂಡು ಮಲಗು’ ಅಂದರು. ವಾಪಸ್ ಬಂದು ನಗುತ್ತಾ ಇನ್ನೊಂದು ಕಟ್ಟು ನೋಟು ತೆಗೆದು ಮುಂದಿಟ್ಟರು. ನಾನು ಎಣಿಸಿ ಚಿಪ್ಸ್ ಕೊಟ್ಟೆ. ಅದು ನನ್ನ ಕೆಲಸ.

ಫೋನಿನ ಆ ಕಡೆ ಇದ್ದ ಅವರ ಹೆಂಡತಿ ಆ ರಾತ್ರಿ ನೇರವಾಗಿ ಕ್ಯಾಸಿನೋಗೇ ಫೋನ್ ಮಾಡಿ, ‘ನನ್ನ ಗಂಡ ಅಲ್ಲಿದ್ದಾನೆ, ಅಂಗಡಿ ದುಡ್ಡು ತಂದಿದ್ದಾನೆ, ದಯವಿಟ್ಟು ಆಡಿಸಬೇಡಿ’ ಅಂದಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಆ ಫೋನ್ ತೆಗೆದುಕೊಂಡು ಕ್ರಮ ಕೈಗೊಳ್ಳುವ ಕೆಲಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಗೀಳು ಹತ್ತಿದವನನ್ನು ತಡೆಯಲು ಅವನ ಮನೆಯವರಿಗೆ ಏನು ದಾರಿ? ಇದನ್ನು ಯಾರೂ ಕೇಳುವುದಿಲ್ಲ. ಆದಾಯ ಎಷ್ಟು ಬರುತ್ತೆ, ಎಷ್ಟು ಜನಕ್ಕೆ ಕೆಲಸ ಸಿಗುತ್ತೆ, ಇಷ್ಟೇ.

ಸಿಂಗಪುರದವರು ಇದನ್ನು ಮೊದಲೇ ಕೇಳಿಕೊಂಡರು. ಅಲ್ಲಿ ಕ್ಯಾಸಿನೋಗಳು ತೆರೆದದ್ದು 2010ರಲ್ಲಿ. ಜೂಜಿನ ಗೀಳು ತಡೆಯುವ ರಾಷ್ಟ್ರೀಯ ಮಂಡಳಿಯನ್ನು 2005ರಲ್ಲೇ ಮಾಡಿಕೊಂಡಿದ್ದರು. ಹೆಂಡತಿಯೋ ಗಂಡನೋ ಮಕ್ಕಳೋ ಅರ್ಜಿ ಕೊಟ್ಟರೆ, ವಿಚಾರಿಸಿ, ಆ ವ್ಯಕ್ತಿಗೆ ಕ್ಯಾಸಿನೋ ಪ್ರವೇಶವನ್ನೇ ನಿಷೇಧಿಸುತ್ತಾರೆ. ‘ನನ್ನನ್ನು ಒಳಗೆ ಬಿಡಬೇಡಿ’ ಅಂತ ತಾನೇ ಹೆಸರು ಬರೆಸಿಕೊಳ್ಳಲೂಬಹುದು. ಅಲ್ಲಿನ ಪ್ರಜೆಗಳು ಒಂದು ದಿನದ ಪ್ರವೇಶಕ್ಕೇ 150 ಸಿಂಗಪುರ ಡಾಲರ್ ಕಟ್ಟಬೇಕು. 2019ಕ್ಕೆ ಮೊದಲು ಅದು 100 ಇತ್ತು, ಸಾಲದು ಅಂತ ಏರಿಸಿದರು. ಅಷ್ಟು ಶ್ರೀಮಂತ ದೇಶಕ್ಕೇ ಇಷ್ಟು ಭಯವಿದೆ.

‘ನೀವೂ ಅಲ್ಲೇ ಸಂಬಳ ತಗೊಂಡವರಲ್ವಾ?’ ಅಂತ ಕೆಲವರು ಚುಚ್ಚುತ್ತಾರೆ. ಹೌದು, ತಗೊಂಡಿದ್ದೇನೆ. ರಾತ್ರಿಯಿಡೀ ನಿಂತು, ಕಾಲು ಬಾತರೂ ನಿಂತು ದುಡಿದ ದುಡ್ಡು. ಅದರಲ್ಲಿ ತಮ್ಮನನ್ನು ಓದಿಸಿದ್ದೇನೆ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರನ್ನು ಯಾರಾದರೂ ಹಗುರವಾಗಿ ಆಡಿಕೊಂಡರೆ ನಾನು ಸುಮ್ಮನಿರುವುದಿಲ್ಲ. ಆದರೆ ಆ ಕೆಲಸಗಳಿಗಾಗಿ ಇಡೀ ರಾಜ್ಯ ಏನು ಕೊಡಬೇಕಾಗುತ್ತದೆ ಅನ್ನುವುದನ್ನು ಅಲ್ಲೇ ನಿಂತು ನೋಡಿದವಳು ಹೇಳದೆ ಇನ್ಯಾರು ಹೇಳಬೇಕು?

ಆದಾಯದ ಮಾತಿಗೆ ಬಂದರೆ, ಕ್ಯಾಸಿನೋ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ಅದರಲ್ಲಿ ಅರ್ಧ ಕೇಂದ್ರಕ್ಕೆ. ರಾಜ್ಯದ ಪಾಲು ಅಂತ ಬರುವುದು ಜನ ಸೋತಷ್ಟೂ ಬೆಳೆಯುವ ದುಡ್ಡು. ಒಮ್ಮೆ ಬಜೆಟ್‌ನಲ್ಲಿ ಆ ದುಡ್ಡಿಗೆ ಜಾಗ ಸಿಕ್ಕಿತು ಅಂದರೆ ಜನ ಕಡಿಮೆ ಆಡಲಿ ಅಂತ ಯಾವ ಹಣಕಾಸು ಸಚಿವರೂ ಬಯಸಲಾರರು. ನಮಗೆ ಇದರ ಅನುಭವ ಇಲ್ಲ ಅಂತೇನಿಲ್ಲ. ಒಂದಂಕಿ ಲಾಟರಿ ಕಾಲ ನೆನಪಿರುವವರನ್ನು ಕೇಳಿ ನೋಡಿ. ಕೂಲಿ ದುಡ್ಡು ಸಂಜೆಯೊಳಗೆ ಲಾಟರಿ ಅಂಗಡಿ ಸೇರುತ್ತಿತ್ತು. 2007ರಲ್ಲಿ ಕರ್ನಾಟಕ ಸರಕಾರ ಆದಾಯ ಹೋದರೂ ಪರವಾಗಿಲ್ಲ ಅಂತ ಲಾಟರಿ ನಿಲ್ಲಿಸಿತು. ಅದರಿಂದ ರಾಜ್ಯವೇನೂ ದಿವಾಳಿ ಆಗಲಿಲ್ಲ.

‘ಇಸ್ಪೀಟು ಅಡ್ಡೆ, ಮಟ್ಕಾ ಎಲ್ಲ ಕದ್ದು ನಡೀತಿದೆಯಲ್ಲ, ಕಾನೂನುಬದ್ಧ ಮಾಡಿದರೆ ಅದು ನಿಲ್ಲುತ್ತೆ’ ಅನ್ನುವ ವಾದವೂ ಇದೆ. ನೂರು ರೂಪಾಯಿಗೆ ಅಂದರ್ ಬಾಹರ್ ಆಡುವವನು ಸಾವಿರಾರು ರೂಪಾಯಿ ಪ್ರವೇಶ ಶುಲ್ಕ ಕಟ್ಟಿ ಕ್ಯಾಸಿನೋಗೆ ಬರುವುದಿಲ್ಲ. ಅವನು ಅಡ್ಡೆಯಲ್ಲೇ ಇರುತ್ತಾನೆ. ಕ್ಯಾಸಿನೋಗೆ ಬರುವವನು ಇಷ್ಟು ದಿನ ಎಲ್ಲೂ ಆಡದೇ ಇದ್ದ ಇನ್ನೊಬ್ಬ.

ಇಷ್ಟೆಲ್ಲ ಕೇಳಿಯೂ ಯಾವುದಾದರೂ ಸರಕಾರ ತಂದೇ ತರುತ್ತೇವೆ ಅಂದರೆ, ಮೊದಲು ಮನೆಯವರು ಅರ್ಜಿ ಕೊಡುವ ಕಚೇರಿ ತೆರೆಯಲಿ. ಜಿಲ್ಲೆಗೊಂದು ಗೀಳು ಬಿಡಿಸುವ ಕೇಂದ್ರ ಮಾಡಲಿ. ಕ್ಯಾಸಿನೋ ಒಳಗೆ ಎಟಿಎಂ ಇರಬಾರದು, ಸಾಲದ ಮೇಲೆ ಚಿಪ್ಸ್ ಕೊಡಬಾರದು ಅಂತ ಕಾಯ್ದೆಯಲ್ಲೇ ಬರೆಯಲಿ. ಇವು ಮೂರು ವರ್ಷ ಸರಿಯಾಗಿ ನಡೆದಿದ್ದನ್ನು ತೋರಿಸಿ ಆಮೇಲೆ ಲೈಸೆನ್ಸ್ ಮಾತೆತ್ತಲಿ, ಆಗ ನಾನೂ ಕೂತು ಕೇಳುತ್ತೇನೆ. ಅಲ್ಲಿಯವರೆಗೆ ನನ್ನ ಉತ್ತರ ಬದಲಾಗುವುದಿಲ್ಲ.