ಗಾಡಿ ನಿಂತಿತ್ತು, ಡ್ರೈವರ್ ನಿಂತಿರ್ಲಿಲ್ಲ

ಈ ಸೋಮವಾರ ಮಾತಾಡಿದ ಒಂದು ಫೋನ್ ಕಾಲ್ ಇನ್ನೂ ತಲೆಯಿಂದ ಹೋಗ್ತಿಲ್ಲ. "ಗಾಡಿ ಯಾರ್ಡಲ್ಲೇ ನಿಂತಿತ್ತಲ್ಲ ಭಾಯ್, ನಿಮ್ಮ ಸ್ಕ್ರೀನಲ್ಲೇ ನೋಡಿ" ಅಂದ್ರು ಆತ ಹಿಂದಿಯಲ್ಲಿ. ಸಿಟ್ಟಿರ್ಲಿಲ್ಲ, ನಿಜವಾಗ್ಲೂ ಅರ್ಥ ಆಗದೆ ಕೇಳ್ತಿದ್ರು.

ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಟ್ರಕ್ ಡ್ರೈವರ್‌ಗಳ ಲಾಗ್, ಅಂದ್ರೆ ಎಷ್ಟೊತ್ತು ದುಡಿದ್ರು ಎಷ್ಟೊತ್ತು ರೆಸ್ಟ್ ಮಾಡಿದ್ರು ಅನ್ನೋ ದಾಖಲೆ, ನೋಡೋ ನೈಟ್ ಶಿಫ್ಟ್ ಕೆಲಸದಲ್ಲಿದ್ದೀನಿ. ಫೋನಲ್ಲಿದ್ದ ಡ್ರೈವರ್ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕಡೆಯ ಪಂಜಾಬಿ, ಮರ್ಯಾದಸ್ಥ ಮನುಷ್ಯ. ಶನಿವಾರ ಸಂಜೆ 5ಕ್ಕೆ ಗಾಡಿ ನಿಲ್ಲಿಸಿದ್ರು, ಸೋಮವಾರ ಬೆಳಗ್ಗೆ ಆರೂವರೆಗೆ ಹೊರಡಬೇಕು. ಸ್ಕ್ರೀನಲ್ಲಿ ಆಫ್ ಡ್ಯೂಟಿ ಗೆರೆ ನೆಟ್ಟಗಿತ್ತು. ಮಧ್ಯೆ ಎರಡು ಸಲ ಆಕಳಿಸಿದ್ರು, ಯಾಕೆ ಪಾಜಿ ನಿದ್ದೆ ಆಗಿಲ್ವಾ ಅಂದೆ ಅಷ್ಟೆ. ಭಾನುವಾರ ರಾತ್ರಿ 9ರಿಂದ 2ರ ತನಕ ಒಂದು ವೇರ್‌ಹೌಸಲ್ಲಿ ಬಾಕ್ಸ್ ಎತ್ತೋಕೆ ಹೋಗಿದ್ರಂತೆ, ಮುಚ್ಚುಮರೆ ಇಲ್ಲದೆ ಹೇಳಿಬಿಟ್ರು.

ಅಲ್ಲಿನ ಫೆಡರಲ್ ರೂಲ್ ಪ್ರಕಾರ ಟ್ರಕ್ಕಿಗೆ ಸಂಬಂಧವೇ ಇಲ್ಲದ ಕಡೆ ದುಡ್ಡಿಗೆ ದುಡಿದ್ರೂ ಅದು ಆನ್ ಡ್ಯೂಟಿ. ಡ್ರೈವಿಂಗ್ ಶುರು ಮಾಡೋಕೆ ಮುಂಚೆ ಬೇಕಾದ 10 ಗಂಟೆ ರೆಸ್ಟ್ ರಾತ್ರಿ 2ರಿಂದ ಎಣಿಸಬೇಕು, ಅಂದ್ರೆ ಮಧ್ಯಾಹ್ನ 12ಕ್ಕೆ ಮುಂಚೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ವಾರದ ಲೆಕ್ಕ ಸೊನ್ನೆಯಿಂದ ಶುರುವಾಗೋಕೆ ಸತತ 34 ಗಂಟೆ ರೆಸ್ಟ್ ಬೇಕು, ಅದು 28ಕ್ಕೇ ಮುರಿದಿತ್ತು, ಹಾಗಾಗಿ 8 ದಿನಕ್ಕೆ 70 ಗಂಟೆ ದುಡಿಮೆ ಅನ್ನೋ ಮಿತಿಯೊಳಗೆ ಈ 5 ಗಂಟೆನೂ ಬಂತು. 2017ರ ಡಿಸೆಂಬರ್‌ನಿಂದ ಹೆಚ್ಚಿನ ಟ್ರಕ್‌ಗಳಲ್ಲಿ ಕಡ್ಡಾಯ ಆಗಿರೋ ಇಎಲ್‌ಡಿ ಅನ್ನೋ ಎಲೆಕ್ಟ್ರಾನಿಕ್ ಲಾಗ್ ಬಾಕ್ಸಿಗೆ ಗಾಡಿ ಓಡಿದ್ದು ಗೊತ್ತಾಗುತ್ತೆ, ಆ ಮನುಷ್ಯ ಬೇರೆ ಕಡೆ ಬೆನ್ನು ಬಗ್ಗಿಸಿದ್ದು ಗೊತ್ತಾಗಲ್ಲ. ಅದನ್ನ ಡ್ರೈವರೇ ಕೈಯಾರೆ ಹಾಕಬೇಕು.

ಟೀಮ್ ಲೀಡ್ ಹೇಳಿದ್ದು, "ಕೇಳಿಸ್ಕೊಂಡಿಲ್ಲ ಅನ್ಕೋ, ಲೋಡ್ ಲೇಟ್ ಆಗುತ್ತೆ." ಅವರು ಬೇರೆ ವಿಷಯಕ್ಕೆಲ್ಲ ಒಳ್ಳೆಯವರೇ, ಈ ಮಾತು ಮಾತ್ರ ನಂಗೆ ಒಂಚೂರೂ ಹಿಡಿಸಲಿಲ್ಲ. ನಾನು ಡ್ರೈವರ್‌ಗೆ ಎಂಟ್ರಿ ಹಾಕಿ ಅಂದೆ. "ಗಾಡಿ ನಿಂತಿತ್ತಲ್ಲ ಭಾಯ್" ಅಂತ ಮತ್ತೆ ಅಂದ್ರು, ಆಮೇಲೆ ಹಾಕಿದ್ರು. ಲೋಡ್ ಬೇರೆಯವರಿಗೆ ಹೋಯ್ತು.

ಅದೇ ಬೇಜಾರು. ನಿಜ ಹೇಳಿದವರಿಗೆ ದುಡ್ಡು ಹೋಯ್ತು. ಅಲ್ಲಿ ಸುಮಾರು ಡ್ರೈವರ್‌ಗಳಿಗೆ ಮೈಲಿ ಲೆಕ್ಕದಲ್ಲಿ ಸಂಬಳ, ಲೋಡ್ ಹತ್ತಿಸಿ ಇಳಿಸೋ ಡಾಕಲ್ಲಿ ಗಂಟೆಗಟ್ಟಲೆ ಕಾದ್ರೂ ಎಷ್ಟೋ ಸಲ ಬಿಡಿಗಾಸಿಲ್ಲ, 1938ರ ಕಾರ್ಮಿಕ ಕಾನೂನಲ್ಲಿ ಲಾಂಗ್ ರೂಟ್‌ನವರನ್ನ ಓವರ್‌ಟೈಮಿಂದ ಹೊರಗಿಟ್ಟಿದ್ದಾರೆ. ವೇರ್‌ಹೌಸಿಗೆ ಹೋಗದೆ ಇನ್ನೇನು ಮಾಡ್ತಾರೆ? ಆದ್ರೂ ಸುಮ್ನಿರೋಕೆ ನಂಗಾಗಲ್ಲ. 2014ರ ಜೂನಲ್ಲಿ ನ್ಯೂಜೆರ್ಸಿ ಟರ್ನ್‌ಪೈಕಲ್ಲಿ ಟ್ರಕ್ಕೊಂದು ಮುಂದಿದ್ದ ವ್ಯಾನಿಗೆ ಗುದ್ದಿ ಒಬ್ಬರು ಸತ್ರು. ಆ ಡ್ರೈವರ್ ಡ್ಯೂಟಿಗೆ ಬರೋ ಮುಂಚೆನೇ ಜಾರ್ಜಿಯಾದ ಮನೆಯಿಂದ ಡೆಲವೇರ್‌ಗೆ ರಾತ್ರಿಯಿಡೀ ಸ್ವಂತ ಗಾಡಿ ಓಡಿಸ್ಕೊಂಡು ಬಂದಿದ್ರು, 28 ಗಂಟೆಯಿಂದ ಎಚ್ಚರ ಇದ್ರು ಅಂತ ಅಲ್ಲಿನ ಸಾರಿಗೆ ಅಪಘಾತ ತನಿಖೆ ಮಾಡೋ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿ ಹೇಳ್ತು. ಅಲ್ಲಿ ಎರಡನೇ ಕೆಲಸ ಇರ್ಲಿಲ್ಲ, ಆದ್ರೆ ಲಾಗಲ್ಲಿ ಕಾಣದ ದಣಿವು ಇದೇ.

ಅವತ್ತು ಡ್ರಾಪ್ ಕ್ಯಾಬಲ್ಲಿ ಮುಂದೆ ಕೂತಿದ್ದೆ. ಡ್ರೈವರ್ ಎಸಿ ಆಫ್ ಮಾಡಿ ಕಿಟಕಿ ಪೂರ್ತಿ ಇಳಿಸಿ ಒದ್ದೆ ಟವೆಲಲ್ಲಿ ಕುತ್ತಿಗೆ ಒರೆಸ್ಕೊಳ್ತಿದ್ರು. ಏಳು ಗಂಟೆಗೆ ಸ್ಕೂಲ್ ವ್ಯಾನ್ ಇದೆಯಂತೆ. ಯಾವಾಗಣ್ಣ ಮಲಗ್ತೀರ ಅಂದ್ರೆ, "ಮಧ್ಯಾಹ್ನ ಒಂದ್ ಮೂರ್ ಗಂಟೆ ಸಾರ್, ಇಎಂಐ ಇದೆಯಲ್ಲ." ಇಲ್ಲೂ 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿಟ್ರು, ಆದ್ರೆ ರಾತ್ರಿಯ ಓನರ್‌ಗೂ ಬೆಳಗಿನ ಓನರ್‌ಗೂ ಪರಿಚಯವೇ ಇಲ್ಲ, ಎರಡನ್ನೂ ಕೂಡಿಸಿ ಯಾರು ನೋಡ್ತಾರೆ, ಆ ವ್ಯಾನಲ್ಲಿ ಹೋಗೋ ಮಕ್ಕಳ ಅಪ್ಪ ಅಮ್ಮಂದಿರಿಗಂತೂ ಗೊತ್ತೇ ಇರಲ್ಲ.

ಬೇರೆ ಕೆಲಸ ಇದ್ಯಾ ಅಂತ ಅಮೆರಿಕದಲ್ಲಿ ಸುಮಾರು ಕಂಪನಿಗಳು ಸೇರುವಾಗ ಫಾರ್ಮ್ ಬರೆಸ್ಕೊಳ್ತವೆ, ಅದು ಫೈಲಿಗೆ ಹೋದ್ರೆ ಮುಗೀತು. ಪ್ರತಿ ವಾರ ಗಾಡಿ ಹೊರಡೋ ಮುಂಚೆ ಒಂದು ಸಲ ಕೇಳಿ, ಹೌದು ಅಂದವರ ಲೋಡ್ ಕಿತ್ಕೊಳ್ದೆ ಮಧ್ಯಾಹ್ನಕ್ಕೆ ತಳ್ಳಿ ಅಂತ ಮಂಗಳವಾರ ಮೇಲ್ ಹಾಕಿದ್ದೀನಿ. ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಹಾಕ್ತೀನಿ, ಈ ಸಲ ಟೀಮ್ ಲೀಡ್‌ನೂ ಸಿಸಿಯಲ್ಲಿಟ್ಟು.