ಎರಡು ಮಂಡ್ಯಗಳು: ಭತ್ತದ ತಳಿಗಳ ಜಾಲತಾಣ, ಇಲ್ಲಿಯವರೆಗಿನ ಕೆಲಸ

ದೇಸಿ ಭತ್ತದ ತಳಿಗಳಿಗೊಂದು ಸಣ್ಣ ಜಾಲತಾಣ ಕಟ್ಟುತ್ತಿದ್ದೇನೆ. ರಾಜಮುಡಿ, ಗಂಧಸಾಲೆ, ರತ್ನಚೂಡಿ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ನಿಲ್ಲುವ ಕಗ್ಗ, ಹೀಗೆ ಯಾವ ತಳಿಯನ್ನು ಯಾವ ಜಿಲ್ಲೆಯಲ್ಲಿ ಯಾರು ಬೆಳೆಯುತ್ತಿದ್ದಾರೆ ಅನ್ನುವ ಪಟ್ಟಿ. ತೆರೆಯ ಹಿಂದೆ ಕೆಲಸ ಮಾಡುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಟೇಬಲ್‌ಗಳು ಎರಡೇ: ‘ತಳಿ’ ಮತ್ತು ‘ಬೆಳೆ’. ಎರಡನೆಯದರಲ್ಲಿ ಯಾವ ತಳಿ, ಯಾವ ಜಿಲ್ಲೆ, ಯಾವ ವರ್ಷ, ಯಾರು ಎಂಬ ಕಾಲಂಗಳಿವೆ. ಪುಟಗಳ ಅಂದಚಂದ ಬೇಗ ಮುಗಿಯಿತು. ಸಮಯ ತಿಂದದ್ದೆಲ್ಲ ಕ್ವೆರಿಗಳು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು. ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗವಾದೀತೆಂದು ಆ ಭಾಗವನ್ನೇ ಹೆಚ್ಚು ಬರೆದಿದ್ದೇನೆ.

ಖಾಲಿ ಪುಟ

ಬಾಡಿಗೆ ಸರ್ವರ್‌ನಲ್ಲಿ ಇರುವುದು ಪಿಎಚ್‌ಪಿ 7.4. ಪಿಎಚ್‌ಪಿ 8.1ರಿಂದ ಈಚೆಗೆ ಮೈಎಸ್‌ಕ್ಯೂಎಲ್‌ಐ (ಡೇಟಾಬೇಸಿನ ಜೊತೆ ಮಾತಾಡುವ ಪಿಎಚ್‌ಪಿ ವಿಸ್ತರಣೆ) ಕ್ವೆರಿ ಕೆಟ್ಟರೆ ತಾನೇ ಕೂಗಿ ಹೇಳುತ್ತದೆ. ಅದಕ್ಕಿಂತ ಹಿಂದಿನದು ಸುಮ್ಮನೆ ‘ಫಾಲ್ಸ್’ ಕೊಟ್ಟು ಮುಂದೆ ಹೋಗುತ್ತದೆ. ನಂತರದ ಸಾಲು ಆ ಫಾಲ್ಸ್‌ನಿಂದ ಸಾಲುಗಳನ್ನು ಎತ್ತಲು ಹೋಗಿ ಬೇರೆಯೇ ದೂರು ಹೇಳುತ್ತದೆ. ಹೊಸಬರು ಹುಡುಕುವುದು ಆ ಎರಡನೇ ದೂರನ್ನು, ರೋಗ ಇರುವುದು ಮೊದಲನೆಯದರಲ್ಲಿ. ಸಂಪರ್ಕ ತೆರೆಯುವ ಮೊದಲೇ ಮೈಎಸ್‌ಕ್ಯೂಎಲ್‌ಐ ರಿಪೋರ್ಟ್ ಫಂಕ್ಷನ್ನಿಗೆ ‘ಎರರ್’, ‘ಸ್ಟ್ರಿಕ್ಟ್’ ಎರಡನ್ನೂ ಕೊಟ್ಟರೆ ಹಳೆಯ ಆವೃತ್ತಿಯೂ ಬಾಯಿ ಬಿಡುತ್ತದೆ. ದೂರು ಲಾಗ್ ಫೈಲಿಗೆ ಹೋಗಲಿ, ಓದುಗರ ಪರದೆಗೆ ಬೇಡ.

ಬಾಯಿ ಬಿಟ್ಟ ಮೇಲೆ ಸಂಖ್ಯೆ ನೋಡಿದರೆ ಅರ್ಧ ಕೆಲಸ ಆದಂತೆ. 1054 ಅಂದರೆ ಆ ಹೆಸರಿನ ಕಾಲಂ ಇಲ್ಲ. 1146 ಅಂದರೆ ಟೇಬಲ್ಲೇ ಇಲ್ಲ. 1064 ವ್ಯಾಕರಣದ ತಪ್ಪು. ‘ನಿಯರ್’ ಎಂದು ಅದು ಎತ್ತಿ ತೋರಿಸುವ ತುಣುಕಿನಲ್ಲಿ ಸಾಮಾನ್ಯವಾಗಿ ತಪ್ಪು ಇರುವುದಿಲ್ಲ, ಅದರ ಬೆನ್ನ ಹಿಂದಿನ ಪದದಲ್ಲಿ ಇರುತ್ತದೆ. ಬಿಟ್ಟುಹೋದ ಅಲ್ಪವಿರಾಮ, ಮುಚ್ಚದ ಉದ್ಧರಣ ಚಿಹ್ನೆ, ಇಂಥವು.

ಅಂದಹಾಗೆ, ‘ಮೈಎಸ್‌ಕ್ಯೂಎಲ್ ಕ್ವೆರಿ’ ಎಂಬ ಹಳೆಯ ಫಂಕ್ಷನ್ ಬಳಸುವ ಪಾಠಗಳು ಇನ್ನೂ ಓಡಾಡುತ್ತಿವೆ. ಅದನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತುಹಾಕಿದ್ದಾರೆ. ಅಂಥ ಪಾಠ ಕಂಡರೆ ಪುಟ ಮುಚ್ಚಿ.

ಹುಡುಕು ಪೆಟ್ಟಿಗೆ

ಓದುಗರು ಬರೆದದ್ದನ್ನು ನೇರವಾಗಿ ಕ್ವೆರಿಗೆ ಅಂಟಿಸದೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಪ್ರಶ್ನಾರ್ಥಕ ಇಟ್ಟು ಬೆಲೆಯನ್ನು (ವ್ಯಾಲ್ಯೂ, ಇಲ್ಲಿ ಓದುಗರು ಬರೆದ ಪದ) ಬೇರೆಯಾಗಿ ಕಳಿಸಬೇಕು. ಹೆಸರಿನ ತುಣುಕು ಕೊಟ್ಟರೂ ಹುಡುಕುವ ‘ಲೈಕ್’ ಜೊತೆ ಬಳಸುವಾಗ ಬಹಳ ಜನ ಎಡವುವ ಜಾಗ ಒಂದಿದೆ: ಶೇಕಡಾ ಚಿಹ್ನೆಗಳನ್ನೂ (‘ಇಲ್ಲಿ ಏನಿದ್ದರೂ ಸರಿ’ ಎಂಬ ಗುರುತು) ಪ್ರಶ್ನಾರ್ಥಕವನ್ನೂ ಒಟ್ಟಿಗೆ ಉದ್ಧರಣದ ಒಳಗೆ ಹಾಕಿದರೆ ಆ ಪ್ರಶ್ನಾರ್ಥಕ ಬರೀ ಅಕ್ಷರವಾಗಿಬಿಡುತ್ತದೆ. ಒಂದು ಬೆಲೆ ಕಳಿಸಿದಿರಿ, ಇಲ್ಲಿ ಅದಕ್ಕೆ ಜಾಗವೇ ಇಲ್ಲ ಎಂಬ ದೂರು ಬರುತ್ತದೆ. ಉದ್ಧರಣ ಇಲ್ಲದೆ ಬರೀ ಪ್ರಶ್ನಾರ್ಥಕ ಇಟ್ಟು, ಶೇಕಡಾ ಚಿಹ್ನೆಗಳನ್ನು ಪಿಎಚ್‌ಪಿಯಲ್ಲಿ ಬೆಲೆಗೇ ಸೇರಿಸಬೇಕು. ಡೇಟಾಬೇಸಿಗೆ ನಿಜವಾಗಿ ಏನು ತಲುಪಿತು ಎಂದು ನೋಡಬೇಕಾದರೆ ನಿಮ್ಮದೇ ಕಂಪ್ಯೂಟರಿನಲ್ಲಿ ‘ಜನರಲ್ ಲಾಗ್’ ಆನ್ ಮಾಡಿ. ಕೆಲಸ ಮುಗಿದ ಮೇಲೆ ಆಫ್ ಮಾಡಲು ಮರೆಯಬೇಡಿ, ಫೈಲು ಬೆಳೆಯುತ್ತಲೇ ಹೋಗುತ್ತದೆ.

ಎರಡು ಮಂಡ್ಯ

ಜಿಲ್ಲಾವಾರು ಲೆಕ್ಕ ತೆಗೆಯಲು, ಒಂದೇ ಹೆಸರಿನ ಸಾಲುಗಳನ್ನು ಒಟ್ಟುಗೂಡಿಸುವ ‘ಗ್ರೂಪ್ ಬೈ’ ಹಾಕಿದಾಗ ಫಲಿತಾಂಶದಲ್ಲಿ ಮಂಡ್ಯ ಎರಡು ಸಲ ಬಂತು. ಬೇರೆ ಬೇರೆ ಮೊತ್ತ, ಅದೇ ಹೆಸರು. ಮಂಡ್ಯದ ಬೆಳೆಗಾರರೊಬ್ಬರು ಅಷ್ಟರಲ್ಲೇ ಫೋನು ಮಾಡಿದ್ದರು: “ಏನಣ್ಣ, ಮಂಡ್ಯ ಅಂತ ಹುಡುಕಿದ್ರೆ ನಮ್ಮ ಗದ್ದೆ ಬರೋದೇ ಇಲ್ವಲ್ಲ?”

ಇಂಥ ಕಡೆ ನಾನು ಮಾಡುವುದು ಇಷ್ಟು. ಷರತ್ತುಗಳನ್ನೆಲ್ಲ ಕಿತ್ತು ಬರೀ ‘ಸೆಲೆಕ್ಟ್’ ಓಡಿಸುತ್ತೇನೆ. ಸಾಲು ಬರುತ್ತದೆ. ಒಂದೊಂದೇ ಷರತ್ತು ಸೇರಿಸುತ್ತ ಹೋಗುತ್ತೇನೆ. ಯಾವುದನ್ನು ಸೇರಿಸಿದಾಗ ಸಾಲು ಮಾಯವಾಯಿತೋ ಅಲ್ಲಿ ನಿಲ್ಲುತ್ತೇನೆ. ಇಲ್ಲಿ ಮಾಯವಾದದ್ದು ‘ಜಿಲ್ಲೆ ಸಮ ಮಂಡ್ಯ’ ಎಂಬಲ್ಲಿ. ಕ್ವೆರಿಯಲ್ಲಿ ತಪ್ಪಿಲ್ಲ, ಕಣ್ಣಿಗೂ ತಪ್ಪು ಕಾಣುತ್ತಿಲ್ಲ ಅಂದರೆ ಬೈಟ್‌ಗಳನ್ನು ನೋಡದೆ ದಾರಿಯಿಲ್ಲ. ಮೈಎಸ್‌ಕ್ಯೂಎಲ್‌ನ ‘ಹೆಕ್ಸ್’ ಫಂಕ್ಷನ್ ಇರುವುದೇ ಅದಕ್ಕೆ.

ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಮಂಡ್ಯ ಎಂದರೆ ಮ, ಅನುಸ್ವಾರ, ಡ, ವಿರಾಮ (ಅರ್ಧಾಕ್ಷರದ ಗುರುತು), ಯ: 5 ಸಂಕೇತ, 15 ಬೈಟ್. ಎರಡೂ ಮಂಡ್ಯಗಳಿಗೆ ಉದ್ದ 15 ಬೈಟೇ ಇತ್ತು. ಆದರೆ ಒಂದರಲ್ಲಿ ಎರಡನೇ ಸಂಕೇತ ‘ಇ0 ಬಿ2 82’, ಅದು ಅನುಸ್ವಾರ. ಇನ್ನೊಂದರಲ್ಲಿ ‘ಇ0 ಬಿ3 ಎ6’, ಅದು ಕನ್ನಡದ ಅಂಕಿ ಸೊನ್ನೆ! ಮಂಡ್ಯ ಮತ್ತು ಮ೦ಡ್ಯ. ನನಗೆ ಬಂದ ಪಟ್ಟಿಗಳಲ್ಲಿ ಕೆಲವು ಹಳೆಯ ನುಡಿ ಫಾಂಟಿನಲ್ಲಿದ್ದು ಆಮೇಲೆ ಯೂನಿಕೋಡಿಗೆ ಬದಲಾದವು, ಕೆಲವು ಮೊಬೈಲಿನಲ್ಲಿ ಟೈಪಾದವು. ಗಂಧಸಾಲೆಯೂ ಹಾಗೇ ಎರಡಾಗಿತ್ತು.

ಒಮ್ಮೆ ಕಣ್ಣು ಬಿದ್ದ ಮೇಲೆ ಇದರ ಬಂಧುಬಳಗವೂ ಸಿಕ್ಕಿತು. ‘ಎಚ್‌ಎಂಟಿ’ ತಳಿ ಒಂದು ಸಾಲಿನಲ್ಲಿ 7 ಸಂಕೇತ, ಇನ್ನೊಂದರಲ್ಲಿ 8. ಅರ್ಧಾಕ್ಷರದ ನಂತರ ಕಾಣದಂತೆ ಕೂರುವ ಜೋಡಣೆ-ತಡೆ ಸಂಕೇತ ಒಂದರಲ್ಲಿತ್ತು. ಅದಿದ್ದರೂ ಇಲ್ಲದಿದ್ದರೂ ಈ ಪದ ಪರದೆಯಲ್ಲಿ ಒಂದೇ ತೆರ. ಕೊಡಗಿನದು ಇನ್ನೊಂದು ಕತೆ: ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳಾಗಿಯೂ ಒಡೆದು ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮ ಎನ್ನುತ್ತದೆ. ನನ್ನ ಟೇಬಲ್ಲಿನ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ‘ಬಿನ್’, ಅಂದರೆ ಸಂಕೇತಕ್ಕೆ ಸಂಕೇತ ಹೋಲಿಸುವಂಥದ್ದು. ಅದಕ್ಕೆ ಅವು ಬೇರೆ ಬೇರೆಯೇ. ಬೇರೆ ಕೊಲೇಶನ್ ಹಾಕಿ ಪಾರಾಗೋಣ ಅಂದರೂ ಪೂರ್ತಿ ಪಾರಾಗುವುದಿಲ್ಲ. ‘ಲೈಕ್’ ಒಂದೊಂದೇ ಅಕ್ಷರವನ್ನು ಹೋಲಿಸುವುದರಿಂದ ಸಮ ಚಿಹ್ನೆ ಕೊಡುವ ಉತ್ತರಕ್ಕೂ ಅದರ ಉತ್ತರಕ್ಕೂ ವ್ಯತ್ಯಾಸ ಬರಬಹುದು ಎಂದು ಮೈಎಸ್‌ಕ್ಯೂಎಲ್ ಕೈಪಿಡಿಯೇ ಹೇಳುತ್ತದೆ.

ಸರಿಪಡಿಸಿದ್ದು ಹೀಗೆ. ‘ತಳಿ’ ಟೇಬಲ್ಲಿಗೆ ಹುಡುಕಲೆಂದೇ ಒಂದು ಕಾಲಂ ಸೇರಿಸಿದೆ. ತೋರಿಸುವ ಹೆಸರು ಇದ್ದ ಹಾಗೇ ಇದೆ. ಹೆಸರು ಒಳಗೆ ಬರುವಾಗ ಪಿಎಚ್‌ಪಿಯ ‘ಇಂಟ್ಲ್’ ವಿಸ್ತರಣೆಯ ನಾರ್ಮಲೈಜರ್ ಮೂಲಕ ಹಾಯಿಸಿ ಎನ್‌ಎಫ್‌ಸಿ ಎಂಬ, ಒಡೆದದ್ದನ್ನು ಕೂಡಿಸಿ ಬರೆಯುವ ರೂಪಕ್ಕೆ ತರುತ್ತೇನೆ, ಕಾಣದ ಸಂಕೇತಗಳನ್ನು ತೆಗೆಯುತ್ತೇನೆ, ಕನ್ನಡ ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಅನುಸ್ವಾರ ಮಾಡುತ್ತೇನೆ. ಅಂಕಿಯ ಬೆನ್ನಿಗೆ ಬಂದ ಸೊನ್ನೆಯನ್ನು ಮುಟ್ಟುವುದಿಲ್ಲ, ಇಲ್ಲದಿದ್ದರೆ ‘ಎಂಟಿಯು-೧೦೦೧’ ಗತಿ ಏನು? ಓದುಗರು ಹುಡುಕು ಪೆಟ್ಟಿಗೆಯಲ್ಲಿ ಬರೆದದ್ದಕ್ಕೂ ಇದೇ ಸಂಸ್ಕಾರ. ಈ ಬದಲಾವಣೆ ಮಾಡುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ (ಅಕ್ಷರಗಳನ್ನು ಹುಡುಕುವ ಮಾದರಿ) ಕೊನೆಗೆ ‘ಯು’ ಗುರುತು ಹಾಕಲೇಬೇಕು, ಇಲ್ಲವಾದರೆ ಅದು ಬೈಟ್‌ಗಳನ್ನೇ ಅಕ್ಷರವೆಂದುಕೊಂಡು ಕನ್ನಡವನ್ನು ಮಧ್ಯಕ್ಕೆ ಕತ್ತರಿಸುತ್ತದೆ.

ಜಿಲ್ಲೆಗೆ ಇಷ್ಟು ಕಸರತ್ತು ಬೇಕಿರಲಿಲ್ಲ. ಇರುವುದೇ 31 ಜಿಲ್ಲೆ. ಅವಕ್ಕೊಂದು ಟೇಬಲ್ ಮಾಡಿ, ‘ಬೆಳೆ’ ಟೇಬಲ್ಲಿನಲ್ಲಿ ಅದರ ಐಡಿ ಮಾತ್ರ ಇಟ್ಟು, ಆ ಪಟ್ಟಿಯಲ್ಲಿರುವ ಐಡಿಯನ್ನಷ್ಟೇ ಒಪ್ಪುವ ಫಾರಿನ್ ಕೀ ಕಟ್ಟಿದೆ. ಟೈಪ್ ಮಾಡಲು ಬಿಡದ ಕಡೆ ಟೈಪಿಂಗ್ ತಪ್ಪೂ ಇಲ್ಲ.

ಯಾರೂ ಬೆಳೆಯದ ತಳಿ

ಈ ತಾಣಕ್ಕೆ ಅರ್ಥ ಬರುವುದೇ ಸದ್ಯ ಯಾರೂ ಬೆಳೆಯದ ತಳಿಗಳು ಕಂಡಾಗ. ಆದ್ದರಿಂದ ‘ತಳಿ’ಗೆ ‘ಬೆಳೆ’ಯನ್ನು ‘ಲೆಫ್ಟ್ ಜಾಯಿನ್’ ಮಾಡಬೇಕು, ಬರೀ ‘ಜಾಯಿನ್’ ಎರಡೂ ಕಡೆ ಇರುವುದನ್ನಷ್ಟೇ ಕೊಡುವುದರಿಂದ ಸಾಲದು. ಅಲ್ಲೂ ಒಂದು ಗುಂಡಿ ಇದೆ. ‘ವರ್ಷ ಸಮ 2024’ ಎಂಬುದನ್ನು ‘ವೇರ್’ನಲ್ಲಿ ಬರೆದರೆ, ಬೆಳೆಗಾರರಿಲ್ಲದ ತಳಿಯ ವರ್ಷ ‘ನಲ್’, ಅಂದರೆ ಖಾಲಿ, ಆಗಿರುತ್ತದೆ. ನಲ್ ಯಾವುದಕ್ಕೂ ಸಮವಲ್ಲ, ಕೊನೆಗೆ ಇನ್ನೊಂದು ನಲ್‌ಗೂ ಅಲ್ಲ. ಸಾಲು ಬಿದ್ದುಹೋಗುತ್ತದೆ, ಲೆಫ್ಟ್ ಜಾಯಿನ್ ಹೆಸರಿಗೆ ಮಾತ್ರ ಉಳಿಯುತ್ತದೆ. ಷರತ್ತನ್ನು ಎರಡು ಟೇಬಲ್ ಹೊಂದಿಸುವ ‘ಆನ್’ ಭಾಗಕ್ಕೆ ಸರಿಸಿದರೆ ತಳಿ ಉಳಿಯುತ್ತದೆ. ಎಣಿಸುವಾಗಲೂ ‘ಕೌಂಟ್’ ಒಳಗೆ ನಕ್ಷತ್ರ ಹಾಕಿದರೆ ಯಾರೂ ಬೆಳೆಯದ ತಳಿಗೂ 1 ಎಂದು ತೋರಿಸುತ್ತದೆ, ಏಕೆಂದರೆ ನಲ್ ತುಂಬಿದ ಒಂದು ಸಾಲು ಇದ್ದೇ ಇದೆ. ‘ಬೆಳೆ’ ಟೇಬಲ್ಲಿನ ಐಡಿಯನ್ನು ಎಣಿಸಿದರೆ 0 ಬರುತ್ತದೆ.

ಬಾಕಿ

ಷರಾ ಕಾಲಂನಲ್ಲಿ ಒಬ್ಬರು ಭತ್ತದ ತೆನೆಯ ಇಮೋಜಿ ಹಾಕಿದ್ದರಿಂದ 1366 (ಈ ಅಕ್ಷರ ಕಾಲಂಗೆ ಹಿಡಿಸದು ಎಂಬ ದೂರು) ಬಂತು. ಆ ಹಳೆಯ ಟೇಬಲ್ ಇನ್ನೂ ಮೈಎಸ್‌ಕ್ಯೂಎಲ್‌ನ ಮೂರು ಬೈಟಿನ ‘ಯುಟಿಎಫ್8’ನಲ್ಲಿದೆ, ಕನ್ನಡಕ್ಕೆ ಅದು ಸಾಕು, ಇಮೋಜಿಗೆ 4 ಬೈಟ್ ಬೇಕು. ಟೇಬಲ್, ಸಂಪರ್ಕ ಎರಡನ್ನೂ ‘ಯುಟಿಎಫ್8ಎಂಬಿ4’ಗೆ ತರಬೇಕು. ವೇಗದ ಗೊಡವೆಗೆ ಸದ್ಯ ಹೋಗಿಲ್ಲ. ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ‘ಎಕ್ಸ್‌ಪ್ಲೇನ್’ ಹಾಕಿದರೆ ಹುಡುಕುವ ಕ್ವೆರಿ ಇಡೀ ಟೇಬಲ್ ಓದುತ್ತಿದೆ, ಮುಂದೆ ಶೇಕಡಾ ಚಿಹ್ನೆ ಇರುವ ಲೈಕ್‌ಗೆ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬಾರದು. ಇಷ್ಟು ಚಿಕ್ಕ ಪಟ್ಟಿಗೆ ಅದರಿಂದ ತೊಂದರೆಯಿಲ್ಲ. ಮೊದಲು ಒಂದೇ ತಳಿಗೆ ಊರೂರಿಗೆ ಇರುವ ಬೇರೆ ಬೇರೆ ಹೆಸರುಗಳಿಗೆ ಒಂದು ಟೇಬಲ್ ಮಾಡಬೇಕಿದೆ.