ನೀಲಿ ಪೋರ್ಟು, ಕಪ್ಪು ಪೋರ್ಟು: ನಮ್ಮ ಅಪ್‌ಲೋಡ್ ಯಾಕೆ ಏರುಪೇರಾಗುತ್ತಿತ್ತು

ಹುಬ್ಬಳ್ಳಿಯ ಒಂದು ಮದುವೆ ಫೋಟೊ-ವಿಡಿಯೊ ಸ್ಟುಡಿಯೊದಲ್ಲಿ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಶೂಟಿಂಗ್‌ಗೆ ಹೋದ ಹುಡುಗರು ರಾತ್ರಿ ತಂದುಕೊಡುವ ಮೆಮೊರಿ ಕಾರ್ಡ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಬೇಕು, ಇನ್ನೊಂದು ಕಡೆ ಬ್ಯಾಕಪ್ ಇಡಬೇಕು, ಆಮೇಲೆ ಬೆಂಗಳೂರಿನಲ್ಲಿರುವ ಎಡಿಟರ್‌ಗೆ ಕಳಿಸಬೇಕು. ಮೊದಲೆಲ್ಲ ಡಿಸ್ಕನ್ನೇ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೆವು. ಫೈಬರ್ ಬಂದ ಮೇಲೆ ಸಿಂಕ್‌ಥಿಂಗ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆವು. ನಡುವೆ ಯಾವ ಕ್ಲೌಡೂ ಇಲ್ಲದೆ ನಮ್ಮ ಲ್ಯಾಪ್‌ಟಾಪಿನಿಂದ ಸೀದಾ ಅವರ ಕಂಪ್ಯೂಟರಿಗೆ ಫೈಲು ಹೋಗುತ್ತದೆ. ಮದುವೆ ರಾ ಫೈಲುಗಳಂಥ ದೊಡ್ಡ ಡೇಟಾಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಎರಡು ದಿನದ ಮದುವೆ, ಮೂರು ಕ್ಯಾಮೆರಾ ಅಂದರೆ ನಮ್ಮಲ್ಲಿ ಸುಮಾರು 400 ಜಿಬಿ ಆಗುತ್ತದೆ. ಲೈನು 100 ಎಂಬಿಪಿಎಸ್‌ದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಎಡಿಟಿಂಗ್ ರೂಮು ಎರಡು ಗೋಡೆ ಒಳಗಿರುವುದರಿಂದ ರೌಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಅಲ್ಲಿಗೆ ಸರಿಯಾಗಿ ಬರುವುದಿಲ್ಲ. 2.4 ಗಿಗಾಹರ್ಟ್ಸ್ ವೈಫೈನಲ್ಲಿ 65 ಎಂಬಿಪಿಎಸ್ ಸಿಗುತ್ತಿತ್ತು, ಅಂದರೆ ಸೆಕೆಂಡಿಗೆ 8 ಎಂಬಿ. ಆ ಲೆಕ್ಕಕ್ಕೆ 400 ಜಿಬಿ ಹೋಗಲು ಹದಿನಾಲ್ಕು ತಾಸು ಸಾಕು. ಸಂಜೆ ಹಚ್ಚಿದರೆ ಮರುದಿನ ಬೆಳಿಗ್ಗೆ ಮುಗಿಯಬೇಕು. ಆದರೆ ಎರಡೂವರೆ ದಿನ ಹಿಡಿಯತೊಡಗಿತು.

ನಿಧಾನವಾಗಿಯೇ ಇದ್ದಿದ್ದರೆ ನಿಧಾನ ಅಂತ ಒಪ್ಪಿಕೊಳ್ಳಬಹುದಿತ್ತು. ಇದು ಹಾಗಲ್ಲ. ಏಳು ಎಂಬಿಗೆ ಏರುತ್ತಿತ್ತು, ಹತ್ತು ಸೆಕೆಂಡಿಗೆ ಒಂದಕ್ಕೆ ಇಳಿಯುತ್ತಿತ್ತು, ಪೂರ್ತಿ ಸೊನ್ನೆಯಾಗಿ ನಿಲ್ಲುತ್ತಿತ್ತು, ಮತ್ತೆ ನಾಲ್ಕು. ಅತ್ತ ಎಡಿಟರ್ ಫೋನು: "ಮೇಡಂ, ಇನ್ನೂ 38 ಪರ್ಸೆಂಟಲ್ಲೇ ಇದೆ. ನಾಡಿದ್ದು ರಿಸೆಪ್ಷನ್‌ನಲ್ಲಿ ಟೀಸರ್ ಹಾಕ್ಬೇಕು ಅಂತಿದಾರೆ ಹುಡುಗನ ಮನೆಯವರು, ನಾನು ಕಟ್ ಮಾಡೋದು ಯಾವಾಗ?"

ನಾನು ಮೊದಲು ಹಿಡಿದದ್ದು ಇಂಟರ್‌ನೆಟ್‌ನವರನ್ನು. ಲೈನ್ ನೋಡುವ ಹುಡುಗ ಮೀಟರ್ ಹಿಡಿದುಕೊಂಡು ಬಂದ, ಫೈಬರ್ ಬಿಚ್ಚಿ ಹಚ್ಚಿ ನೋಡಿದ. "ಅಕ್ಕಾರ, ಪವರ್ ಮೈನಸ್ ಇಪ್ಪತ್ತೊಂದು ಬರಾಕತ್ತೈತ್ರಿ, ಲೈನ್ ಕ್ಲೀನ್ ಐತಿ. ನೀವ ಸ್ಪೀಡ್ ಟೆಸ್ಟ್ ಹಚ್ಚಿ ನೋಡ್ರಿ" ಅಂದ. ಹಚ್ಚಿದರೆ 65. ಮೂರು ಸಲ ಹಚ್ಚಿದೆ, ಮೂರೂ ಸಲ 65. ಅವನು ಹೋದ ಮೇಲೆ ಅಪ್‌ಲೋಡ್ ಶುರು ಮಾಡಿದೆ, ಮತ್ತೆ ಅದೇ ಏರಿಳಿತ. ಮರುದಿನ ಫೋನಿನಲ್ಲಿ ಅವನಿಗೆ ಸ್ವಲ್ಪ ಬಿರುಸಾಗಿಯೇ ಮಾತಾಡಿದೆ.

ಆಮೇಲೆ ಅನುಮಾನ ಡಿಸ್ಕಿನ ಮೇಲೆ ಬಂತು. ಅದಕ್ಕೆ ಕಾರಣವೂ ಇತ್ತು. ಹತ್ತು ಜಿಬಿಯಷ್ಟು ಫೈಲುಗಳನ್ನು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಗೆ ಹಾಕಿಕೊಂಡು, ಎಕ್ಸ್‌ಟರ್ನಲ್ ಡಿಸ್ಕ್ ತೆಗೆದಿಟ್ಟು ಕಳಿಸಿದೆ. ಎಂಟು ಎಂಬಿ, ಗೆರೆ ಎಳೆದ ಹಾಗೆ. ಅವೇ ಫೈಲುಗಳನ್ನು ಡಿಸ್ಕಿನಿಂದ ಕಳಿಸಿದರೆ ಕುಣಿತ. ಯಾರೇ ಆದರೂ ಡಿಸ್ಕ್ ಕೆಟ್ಟಿದೆ ಅಂತಲೇ ಹೇಳುತ್ತಾರೆ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿ ತೆಗೆದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್ ಸೊನ್ನೆ, ಬದಲಿ ಹಾಕಿಕೊಂಡ ಸೆಕ್ಟರ್ ಸೊನ್ನೆ. ದೊಡ್ಡ ಫೈಲು ಓದಿಸಿದರೆ ಸೆಕೆಂಡಿಗೆ 110 ಎಂಬಿ ಓದುತ್ತದೆ, ನನಗೆ ಬೇಕಾದದ್ದು ಎಂಟು. ಅಷ್ಟಾದರೂ ಮಾಲಕರಿಗೆ ಹೇಳಿ ಹೊಸ ಡಿಸ್ಕ್ ತರಿಸಿದೆ. ಸೀಜನ್ ನಡುವೆ ಆರು ಸಾವಿರ ರೂಪಾಯಿ. ಹೊಸ ಡಿಸ್ಕಿನಲ್ಲೂ ಅದೇ ಕುಣಿತ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸುಳಿವು ಕೊಟ್ಟದ್ದು ಮೌಸು. ಅಪ್‌ಲೋಡ್ ಓಡುತ್ತಿತ್ತು, ನಾನು ಕಾರ್ಡ್‌ಗಳ ಪಟ್ಟಿ ಬರೆದುಕೊಳ್ಳುತ್ತಿದ್ದೆ: ಧಾರೆ, ಮೊದಲ ಕ್ಯಾಮೆರಾ, ಅರಿಶಿನ, ಎರಡನೇ ಕ್ಯಾಮೆರಾ. ಬಾಣದ ಗುರುತು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಗಕ್ಕನೆ ನಿಂತು ಮೂರು ಸಾಲು ಆಚೆ ಹಾರಿತು. ಸೆಲ್ ಹೋಗಿರಬೇಕು ಅಂದುಕೊಂಡು ಬದಲಿಸಿದೆ. ಮತ್ತೆ ಹಾರಿತು. ಆಗ ಕಣ್ಣು ಡಿಸ್ಕಿನ ದೀಪದ ಮೇಲೆ ಬಿತ್ತು. ದೀಪ ಬಿಡದೆ ಮಿಣುಕುತ್ತಿದ್ದಾಗ ಮೌಸು ಎಡವುತ್ತಿತ್ತು. ದೀಪ ಸುಮ್ಮನಾದಾಗ ಮೌಸು ನುಣ್ಣಗೆ ಓಡುತ್ತಿತ್ತು. ಐದು ನಿಮಿಷ ಬೇರೆ ಏನೂ ಮಾಡದೆ ಅದನ್ನೇ ನೋಡಿದೆ. ಮೌಸಿಗೂ ಬೆಂಗಳೂರಿಗೆ ಹೋಗುವ ಅಪ್‌ಲೋಡಿಗೂ ಏನು ಸಂಬಂಧ? ಎರಡೂ ಗಾಳಿಯಲ್ಲಿ ಹೋಗುವಂಥವು, ಅದೂ 2.4 ಗಿಗಾಹರ್ಟ್ಸ್‌ನಲ್ಲಿ.

ಕಮಾಂಡ್ ಪ್ರಾಂಪ್ಟ್ ತೆಗೆದು ನಮ್ಮದೇ ರೌಟರಿಗೆ ಪಿಂಗ್ ಹಚ್ಚಿದೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ರೌಟರಿನವರೆಗಿನ ದಾರಿಯಲ್ಲಿ ಇಂಟರ್‌ನೆಟ್‌ನವರ ಪಾತ್ರವೇ ಇಲ್ಲ. ಡಿಸ್ಕ್ ಸುಮ್ಮನಿದ್ದಾಗ 2, 3 ಮಿಲಿಸೆಕೆಂಡ್. ಅಪ್‌ಲೋಡ್ ನಿಲ್ಲಿಸಿಬಿಟ್ಟು, ಡಿಸ್ಕಿನಿಂದ ಒಂದು ದೊಡ್ಡ ಫೈಲನ್ನು ಒಳಗಿನ ಎಸ್‌ಎಸ್‌ಡಿಗೆ ಕಾಪಿಗೆ ಇಟ್ಟೆ. ನೆಟ್‌ವರ್ಕಿಗೂ ಆ ಕಾಪಿಗೂ ಯಾವ ಸಂಬಂಧವೂ ಇಲ್ಲ. ಪಿಂಗ್ 80 ಆಯಿತು, 310 ಆಯಿತು, ಆಮೇಲೆ ಉತ್ತರವೇ ಬರಲಿಲ್ಲ. ಕಾಪಿ ನಡೆಯುತ್ತಿರುವಾಗಲೇ ಸ್ಪೀಡ್ ಟೆಸ್ಟ್ ಹಚ್ಚಿದೆ. 65 ಬರುತ್ತಿದ್ದಲ್ಲಿ 9 ಬಂತು.

ಅಷ್ಟು ದಿನ ಸ್ಪೀಡ್ ಟೆಸ್ಟ್ ಸುಳ್ಳು ಹೇಳಿರಲಿಲ್ಲ. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ, ಮೆಮೊರಿಯಲ್ಲಿ ಹುಟ್ಟಿಸಿದ ಡೇಟಾ ಕಳಿಸಿ ಅಳೆಯುತ್ತದೆ. ಡಿಸ್ಕ್ ಮಲಗಿದ್ದಾಗ ವೈಫೈ ಹೇಗಿದೆ ಅಂತ ನಾನು ಕೇಳಿದ್ದೆ, ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

ಯುಎಸ್‌ಬಿ 3.0 ಕೇಬಲ್ಲಿನಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆ ವೇಗದ ಸಿಗ್ನಲಿನಿಂದ ಹುಟ್ಟುವ ರೇಡಿಯೊ ಗದ್ದಲ ಅಗಲವಾಗಿ ಹರಡಿ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬಂದು ಕೂರುತ್ತದೆ. ವೈಫೈ ಬಳಸುವ ಜಾಗದಲ್ಲೇ ಗದ್ದಲವೂ ಇರುವುದರಿಂದ ಸೋಸಿ ತೆಗೆಯಲು ಬರುವುದಿಲ್ಲ. ಇದು ಗುಟ್ಟೇನಲ್ಲ. ಇಂಟೆಲ್ ಕಂಪನಿ 2012ರಲ್ಲೇ ಇದರ ಮೇಲೆ ಒಂದು ವರದಿ ಪ್ರಕಟಿಸಿದೆ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹಚ್ಚಿದಾಗ ಆ ಪಟ್ಟಿಯಲ್ಲಿ ಗದ್ದಲದ ಮಟ್ಟ ಹತ್ತಿರಹತ್ತಿರ 20 ಡೆಸಿಬಲ್ ಏರಿದ್ದನ್ನು ಅಳೆದು ತೋರಿಸಿದ್ದಾರೆ. 20 ಡೆಸಿಬಲ್ ಅಂದರೆ ನೂರು ಪಟ್ಟು. ಗದ್ದಲ ಡಿಸ್ಕಿನಿಂದ, ಕೇಬಲ್ಲಿನಿಂದ, ಪೋರ್ಟಿನಿಂದ, ಮೂರರಿಂದಲೂ ಹೊರಗೆ ಬರುತ್ತದೆ.

ನಾವು ಡಿಸ್ಕನ್ನು ಎಲ್ಲಿಟ್ಟಿದ್ದೆವು ಅಂತ ಆಗ ನೋಡಿದೆ. ಮೇಜಿನ ಮೇಲಿಟ್ಟರೆ ಕೈ ತಾಗಿ ಬೀಳುತ್ತದೆ ಅಂತ ಲ್ಯಾಪ್‌ಟಾಪಿನ ಮುಚ್ಚಳದ ಹಿಂದೆ ವೆಲ್ಕ್ರೊ ಪಟ್ಟಿ ಅಂಟಿಸಿ ಡಿಸ್ಕನ್ನು ಅಲ್ಲಿ ಕೂರಿಸಿದ್ದೆವು. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ವೈಫೈ ಆಂಟೆನಾ ಇರುವುದು ಆ ಮುಚ್ಚಳದಲ್ಲೇ. ಮೌಸಿನ ರಿಸೀವರ್ ಇದ್ದದ್ದು ಡಿಸ್ಕಿನ ಪಕ್ಕದ ಪೋರ್ಟಿನಲ್ಲಿ.

ಡಿಸ್ಕನ್ನು ಎಡಗಡೆಯ ನೀಲಿ ಪೋರ್ಟಿನಿಂದ, ಅಂದರೆ ಯುಎಸ್‌ಬಿ 3.0 ಪೋರ್ಟಿನಿಂದ ತೆಗೆದು ಬಲಗಡೆಯ ಕಪ್ಪು ಪೋರ್ಟಿಗೆ ಹಾಕಿದೆ. ಕಪ್ಪುದು ಹಳೆಯ ಯುಎಸ್‌ಬಿ 2.0, ಹೆಚ್ಚೆಂದರೆ 480 ಎಂಬಿಪಿಎಸ್. ಅಪ್‌ಲೋಡ್ ಶುರು ಮಾಡಿದೆ. ಏಳೂವರೆ, ಎಂಟು, ಏಳೂವರೆ, ಎಂಟು. ನಿಧಾನದ ಪೋರ್ಟಿಗೆ ಹಾಕಿದ ಮೇಲೆ ಅಪ್‌ಲೋಡ್ ವೇಗವಾಯಿತು! ಕಪ್ಪು ಪೋರ್ಟಿನಲ್ಲೂ ಡಿಸ್ಕಿನಿಂದ ಸೆಕೆಂಡಿಗೆ ಮೂವತ್ತು ಎಂಬಿಯಷ್ಟು ಬರುತ್ತದೆ, ಎಂಟು ಎಂಬಿಯ ವೈಫೈಗೆ ಅದು ಧಾರಾಳ.

ಆದರೆ ಪೋರ್ಟಿನ ಜಾಗ ಬದಲಾದ್ದರಿಂದ ಸರಿಹೋಯಿತೋ, ಯುಎಸ್‌ಬಿ 2.0 ಆದ್ದರಿಂದ ಸರಿಹೋಯಿತೋ? ಡ್ರಾದಲ್ಲಿ ಹಳೆಯ ಫೋನಿನ ಡೇಟಾ ಕೇಬಲ್ ಬಿದ್ದಿತ್ತು. ಪೋರ್ಟಬಲ್ ಡಿಸ್ಕಿನ ಅಗಲವಾದ ಸಾಕೆಟ್ ನೋಡಿರುತ್ತೀರಿ, ಎರಡು ಭಾಗ ಇರುತ್ತದೆ. ಅದರ ದೊಡ್ಡ ಭಾಗಕ್ಕೆ ಹಳೆಯ ಮೈಕ್ರೊ ಯುಎಸ್‌ಬಿ ಪಿನ್ನು ಸರಿಯಾಗಿ ಕೂರುತ್ತದೆ, ಹಾಗೆ ಹಾಕಿದರೆ ಡಿಸ್ಕ್ 2.0 ವೇಗದಲ್ಲೇ ಓಡುತ್ತದೆ. ಆ ಕೇಬಲ್ ಹಾಕಿ ಡಿಸ್ಕನ್ನು ಮತ್ತೆ ಮುಚ್ಚಳದ ಮೇಲೆ ಕೂರಿಸಿ ಅದೇ ನೀಲಿ ಪೋರ್ಟಿಗೆ ಸಿಕ್ಕಿಸಿದೆ. ಮೌಸು ಎಡವಲಿಲ್ಲ, ಪಿಂಗ್ 3ರಲ್ಲೇ ನಿಂತಿತು. ಆಮೇಲೇ ನನಗೆ ಪೂರ್ತಿ ನಂಬಿಕೆ ಬಂದದ್ದು. ನೀವೂ ಇದನ್ನು ಮಾಡಿ ನೋಡುವುದಾದರೆ ಒಂದು ಮಾತು: ಕೆಲವು ಡಿಸ್ಕುಗಳಿಗೆ ಆ ಕೇಬಲ್ಲಿನಲ್ಲಿ ಕರೆಂಟು ಸಾಲದೆ ಟಿಕ್ ಟಿಕ್ ಸದ್ದು ಬರುತ್ತದೆ. ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ.

ಮುಂದಿನ ವಾರ ರೌಟರಿನಿಂದ ಎಡಿಟಿಂಗ್ ರೂಮಿಗೆ ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆಸಿದೆವು. ಡಿಸ್ಕ್ ನೀಲಿ ಪೋರ್ಟಿಗೇ ವಾಪಸ್ ಬಂತು, ಅಪ್‌ಲೋಡ್ 11 ಎಂಬಿಗೆ ನಿಂತಿತು. ಮೌಸಿನ ರಿಸೀವರಿಗೆ ಒಂದು ಎಕ್ಸ್‌ಟೆನ್ಷನ್ ವಯರು ಹಾಕಿ ಮೇಜಿನ ಆಚೆ ತುದಿಗೆ ಸರಿಸಿದೆ.

ಇಷ್ಟಾದ ಮೇಲೂ ರಾತ್ರಿ ಹತ್ತರ ಸುಮಾರಿಗೆ ಒಮ್ಮೆ ಬೀಳುತ್ತಿತ್ತು. ಅದರ ಕಾರಣ ಬೇರೆ, ಅಲ್ಲಿ ತಪ್ಪು ನಿಜವಾಗಿಯೂ ಡಿಸ್ಕಿನದೇ. ಹುಡುಗರು ಶೂಟಿಂಗ್ ಮುಗಿಸಿ ಬಂದು ಅದೇ ಡಿಸ್ಕಿಗೆ ಕಾರ್ಡ್ ಇಳಿಸುವ ಹೊತ್ತು ಅದು. ಡಿಸ್ಕಿನ ಒಳಗಿರುವುದು ಒಂದೇ ತೋಳು. ಬರೆಯಲು ಒಂದು ಕಡೆ ಓಡಬೇಕು, ಅಪ್‌ಲೋಡಿಗೆ ಓದಲು ಇನ್ನೊಂದು ಕಡೆ ಓಡಬೇಕು. ಹೊಸ ಫೈಲು ಬಂತೆಂದರೆ ಸಿಂಕ್‌ಥಿಂಗ್ ಅದನ್ನು ಮೊದಲಿನಿಂದ ಕೊನೆವರೆಗೆ ಓದಿ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ, ಅದು ಮೂರನೇ ಓಟ. ಸಾಲದ್ದಕ್ಕೆ ಈಗಿನ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ಜಾತಿಯವು. ಮನೆ ಮೇಲಿನ ಮಂಗಳೂರು ಹೆಂಚಿನ ಹಾಗೆ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರುವಂತೆ ಡೇಟಾ ಬರೆದಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಅದರ ಮೇಲಿನ ಸಾಲುಗಳನ್ನೂ ಎತ್ತಿ ಮತ್ತೆ ಹೊದಿಸಬೇಕಲ್ಲ, ಇಲ್ಲೂ ಅದೇ ಕಥೆ. ಕಾಪಿ ಮುಗಿದು ಅರ್ಧ ತಾಸಾದರೂ ಡಿಸ್ಕ್ ಬಿಸಿಯಾಗಿಯೇ ಇರುತ್ತದೆ, ಕೈಯಿಟ್ಟರೆ ಒಳಗೆ ಓಡಾಡುವುದು ತಿಳಿಯುತ್ತದೆ.

ಇದಕ್ಕೆ ದುಡ್ಡು ಹಾಕಬೇಕಾಗಲಿಲ್ಲ. ಕೆಟ್ಟಿದೆ ಅಂತ ಕಪಾಟಿಗೆ ಸೇರಿಸಿದ್ದ ಹಳೆಯ ಡಿಸ್ಕ್ ಇತ್ತಲ್ಲ, ಅದನ್ನು ಹೊರಗೆ ತೆಗೆದೆ. ಹಳೆಯದಕ್ಕೆ ಹಳದಿ ಟೇಪು, ಅದಕ್ಕೆ ಕಾರ್ಡ್ ಇಳಿಸುವುದು ಮಾತ್ರ. ಹೊಸದಕ್ಕೆ ಹಸಿರು ಟೇಪು, ಅದರಿಂದ ಕಳಿಸುವುದು ಮಾತ್ರ. ಅಪ್‌ಲೋಡ್ ಇಲ್ಲದ ಹೊತ್ತು ನೋಡಿ ಹಳದಿಯಿಂದ ಹಸಿರಿಗೆ ನಾನೇ ಕಾಪಿ ಮಾಡುತ್ತೇನೆ.

ಲೈನಿನ ಹುಡುಗನಿಗೂ ಫೋನ್ ಮಾಡಿ, ತಪ್ಪು ನಮ್ಮ ರೂಮಿನಲ್ಲೇ ಇತ್ತು, ಆವತ್ತು ಬಿರುಸು ಮಾತಾಡಿದ್ದಕ್ಕೆ ಬೇಜಾರಾಗಬೇಡ ಅಂತ ಹೇಳಿದೆ. ಅವನು ಮೌಸಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡ. "ಅಕ್ಕಾರ, ವಿದ್ಯಾನಗರದಾಗ ಇನ್ನೊಂದ ಸ್ಟುಡಿಯೊದವರು ಇದ ಕಂಪ್ಲೇಂಟ್ ಹೇಳಾಕತ್ತಾರ್ರಿ. ನಾಳೆ ಹೋಗಿ ಮೊದ್ಲ ಅವರ ಡಿಸ್ಕ್ ಎಲ್ಲಿ ಇಟ್ಟಾರ ನೋಡ್ತೀನ್ರಿ" ಅಂದ.